ಒಂಬತ್ತು ಪಟ್ಟಿಯ ಕಲ್ಲು

೩ ಜೂನ್ ೨೦೦೨, ಸೋಮವಾರ

ಬಿಟಿಎಂನಿಂದ ಜಯನಗರದವರೆಗೆ ಬಸ್ಸಿನಲ್ಲಿ ನಿಂತೇ ಬಂದೆ. ಲ್ಯಾಬ್. ಮೈಕ್ರೋಸ್ಕೋಪ್. ಸ್ಪಿತಿ ಕಣಿವೆಯ ಕಲ್ಲುಗಳು. ಇಂದು ಹದಿನೇಳು ಟ್ರೈಲೋಬೈಟ್ ಅಳೆದೆ — ಐವತ್ತು ಕೋಟಿ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಹರಿದಾಡಿದ ಜೀವ, ಏಡಿಯ ದೂರದ ನೆಂಟ. ಹೆಚ್ಚಿನವಕ್ಕೆ ಮೈಮೇಲೆ ಹದಿಮೂರು ಪಟ್ಟಿ, ಕೆನ್ನೆಯಲ್ಲಿ ಮೊಂಡು ಮುಳ್ಳು. ನನ್ನ ನಾಲ್ಕು ಮಾತ್ರ ಬೇರೆ. ಅಕ್ಕಿಕಾಳಿನಷ್ಟೇ ಗಾತ್ರ, ಆರೇ ಪಟ್ಟಿ, ಉದ್ದನೆಯ ಮುಳ್ಳು. ಹೊಸ ಜಾತಿ! ನನ್ನ ಪಿಎಚ್‌ಡಿ ನಿಂತಿರುವುದೇ ಇದರ ಮೇಲೆ. ಅದಕ್ಕೆ ಅವ್ವನ ಹೆಸರಿಡುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದೆ. ನನ್ನವ್ವ ತಂಗೆವ್ವ ಅದನ್ನು ಗದಗಿನ ಓಣಿಗೆಲ್ಲ ಸಾರಿದ್ದಾಳೆ.

೧೧ ಜೂನ್

ಅರ್ಪಿತ ಒಂದು ಗ್ರಾಫ್ ತಂದಳು. ನಮ್ಮ ಲ್ಯಾಬ್ ಸೇರಿ ಇನ್ನೂ ಎಂಟು ತಿಂಗಳು. ಮನೆ ಜಯನಗರದಲ್ಲೇ, ಓಡಾಟಕ್ಕೆ ಸ್ಕೂಟಿ, ಮಧ್ಯಾಹ್ನಕ್ಕೆ ಬಿಸಿ ಊಟದ ಕ್ಯಾರಿಯರ್.

"ಬೇಜಾರ್ ಮಾಡ್ಕೋಬೇಡ ಭಾಗ್ಯಾ. ನಿನ್ನ ಆರು ಪಟ್ಟಿದು ಬೇರೆ ಜಾತಿ ಅಲ್ಲ ಅನ್ಸುತ್ತೆ ಕಣೇ. ದೊಡ್ಡದರ ಮರಿಗಳು."

ಪ್ರತಿ ಸಲ ಚಿಪ್ಪು ಕಳಚಿದಾಗಲೂ ಬಾಲದಿಂದ ಒಂದು ಪಟ್ಟಿ ಬಿಡಿಸಿಕೊಂಡು ಮೈಗೆ ಸೇರುತ್ತದಂತೆ. ಬೆಳೆದಂತೆ ಮುಳ್ಳು ಮೊಂಡಾಗುತ್ತದಂತೆ. ನನ್ನ ಹೊಸ ಜಾತಿ ಒಂದು ಎಳೆಗೂಸು!

ನಮ್ಮ ಗೈಡ್ ಶಿವರಾಮ್ ಸರ್ ಗ್ರಾಫನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಬ್ಯೂಟಿಫುಲ್. ಆದ್ರೆ ಆರಕ್ಕೂ ಹದಿಮೂರಕ್ಕೂ ಮಧ್ಯದ್ದು ಒಂದಾದ್ರೂ ತೋರಿಸ್ಬೇಕಮ್ಮ."

"ಹುಡುಕ್ತೀನಿ ಸಾರ್."

ಮೂರು ವರ್ಷದಲ್ಲಿ ನನಗೆ ಸಿಕ್ಕಿದ್ದು 'ಗುಡ್' ಮಾತ್ರ. ಒಂದೇ ಒಂದು ಸಲ.

೧೪ ಜೂನ್

ಅರ್ಪಿತ ಊಟಕ್ಕೆ ಹೋಗಿದ್ದಳು. ಅವಳ ಟ್ರೇ ತೆರೆದಿತ್ತು. ನಲವತ್ತೇಳನೇ ಕಲ್ಲು — ಇನ್ನೂ ಸ್ವಚ್ಛಗೊಳಿಸಿಲ್ಲ, ಆದರೂ ಕಾಣುತ್ತದೆ. ಪಟ್ಟಿ ಆರಕ್ಕಿಂತ ಹೆಚ್ಚು, ಹದಿಮೂರಕ್ಕಿಂತ ಕಡಿಮೆ. ಕರ್ಚೀಫಿನಲ್ಲಿ ಸುತ್ತಿ ಪರ್ಸಿಗೆ ಹಾಕಿಕೊಂಡೆ. ಅವಳು ಬರುವ ಮೊದಲೇ ನನ್ನ ಸ್ಟೂಲಿನಲ್ಲಿ ಕುಳಿತಿದ್ದೆ.

೨೭ ಜೂನ್

ರಿಜಿಸ್ಟರ್‌ನಲ್ಲಿ ನಲವತ್ತೇಳಿದೆ, ಟ್ರೇಯಲ್ಲಿಲ್ಲ. ಸರ್ ಎಲ್ಲರೆದುರು ಅರ್ಪಿತಳನ್ನು ಬೈದರು. "ಸ್ಪೆಸಿಮನ್ ಕಳ್ಯೋದು ಅಂದ್ರೇನ್ರೀ? ಇದೇನು ಮನೆಯಾ?" 'ಅಮ್ಮ' ಹೋಗಿ 'ರೀ' ಬಂತು. ಅವಳು ಬಾತ್‌ರೂಮಿನಲ್ಲಿ ಅತ್ತಳು. ಹೊರಗೆ ನಿಂತು ಕೇಳಿಸಿಕೊಂಡೆ.

ಖುಷಿಯಾಯಿತು. ಇಲ್ಲಿಯಾದರೂ ನಿಜ ಬರೆಯುತ್ತೇನೆ — ಖುಷಿಯಾಯಿತು.

೭ ಜುಲೈ, ಭಾನುವಾರ, ಬೆಳಿಗ್ಗೆ ೧೧

ರೂಮಿನ ಕಿಟಕಿಯಲ್ಲಿ ಕುಳಿತು ಸೂಜಿಯಿಂದ ಮಣ್ಣು ಬಿಡಿಸಿದೆ. ಲೆನ್ಸ್ ಹಿಡಿದು ನೋಡಿದೆ. ಒಂಬತ್ತು ಪಟ್ಟಿ. ಮುಳ್ಳು ಉದ್ದವೂ ಅಲ್ಲ, ಮೊಂಡೂ ಅಲ್ಲ. ಬಾಲದ ಅಂಚಿನಲ್ಲಿ ಹತ್ತನೆಯದು — ಅರ್ಧ ಬಿಡಿಸಿಕೊಂಡಿದೆ, ಅರ್ಧ ಅಂಟಿಕೊಂಡೇ ಇದೆ.

ಅರ್ಪಿತ ಹೇಳಿದ್ದೇ ಸರಿ. ಎಷ್ಟು ಚೆನ್ನಾಗಿದೆ ಇದು... ನಾನೇಕೆ ಮೊದಲು ಯೋಚಿಸಲಿಲ್ಲ?

೯ ಜುಲೈ

ಸರ್ ಕರೆದರು. "ಅರ್ಪಿತಂದು ಪ್ರೂಫ್ ಸಾಲ್ದು. ಈ ತಿಂಗಳ ಸೆಮಿನಾರ್‌ಗೆ ನೀನೇ ಹೋಗಮ್ಮ. ಹೊಸ ಜಾತಿ, ಬ್ಯೂಟಿಫುಲ್ ಸಬ್ಜೆಕ್ಟ್."

ಮೂರು ವರ್ಷ ಕಾದ ಮಾತು. ಸುಳ್ಳೆಂದು ಗೊತ್ತಿರುವುದನ್ನು ನೂರು ಜನರ ಮುಂದೆ ಓದಬೇಕು, ಅದೂ ಅವ್ವನ ಹೆಸರಿಟ್ಟು. "ಆಗ್ಲಿ ಸರ್" ಎಂದು ಬಂದೆ.

೧೦ ಜುಲೈ

ಕಲ್ಲನ್ನು ಸರ್ ಮೇಜಿನ ಮೇಲಿಟ್ಟೆ. ಅರ್ಪಿತಳೂ ಇದ್ದಳು.

"ಕಳದಿದ್ದಿಲ್ರೀ ಸರ್. ನಾನ ತಗೊಂಡಿದ್ದೆ."

"ಯಾಕಮ್ಮ?"

"ಹೊಟ್ಟೆಕಿಚ್ಚಿಗೆ."

ಸರ್ ಕೈ ಚಾಚಿ ನನ್ನ ಬಳಿಯಿದ್ದ ಕಲ್ಲಿನ ಬೀರುವಿನ ಕೀ ಕೇಳಿದರು. ಕೊಟ್ಟೆ. ಅರ್ಪಿತ ಕಲ್ಲು ನೋಡಲಿಲ್ಲ, ನನ್ನನ್ನೇ ನೋಡಿದಳು.

"ಮನೇಲಿ ಕಸದ ಬುಟ್ಟೀನೂ ಸುರ್ದು ಹುಡುಕಿದೀನಿ ಕಣೇ. ನೀನೂ ಜೊತೇಲಿ ಹುಡುಕ್ದೆ. ಟೇಬಲ್ ಕೆಳಗೆ ಬಗ್ಗಿ ಹುಡುಕ್ದೆ."

ಹೌದು. ಬಗ್ಗಿದ್ದೆ.

೨೨ ಜುಲೈ

ಸೆಮಿನಾರ್‌ಗೆ ಅರ್ಪಿತ ಹೋಗಿದ್ದಾಳೆ. ನನ್ನ ಥೀಸಿಸ್ ಒಂದು ವರ್ಷ ಮುಂದಕ್ಕೆ. ವಿಷಯ ಹೊಸದು ಹುಡುಕಬೇಕು. ಅವ್ವನಿಗೆ ಫೋನ್ ಮಾಡಿದೆ. ಹೆಸರಿಡಲು ಆಗುವುದಿಲ್ಲ, ಅದು ಬೇರೆ ಜಾತಿಯಲ್ಲ, ಮರಿ ಎಂದೆ.

"ಮರಿ ಆದ್ರ ಏನಾತು? ಅದಕ್ಕೂ ಒಬ್ಬಾಕಿ ಅವ್ವ ಇರ್ತಾಳಲ್ಲ. ಉಂಡಿ?"

ಕಲ್ಲು ಕದ್ದದ್ದನ್ನು ಹೇಳಲಿಲ್ಲ.

೫ ಆಗಸ್ಟ್, ಸೋಮವಾರ

ಅರ್ಪಿತ ಸೆಮಿನಾರ್ ಮುಗಿಸಿ ಬಂದು ವಾರವಾಯಿತು. ಪಕ್ಕದ ಸ್ಟೂಲಿನಲ್ಲೇ ಕೂರುತ್ತಾಳೆ, ಮಾತಿಲ್ಲ. ಅವಳ ಪೇಪರ್ ಎಲ್ಲರೂ ಹೊಗಳಿದರಂತೆ. ಕೇಳಿ ಎದೆ ಉರಿಯಿತು. ಇನ್ನೂ ಉರಿಯುತ್ತದೆ — ಒಪ್ಪಿಕೊಂಡ ಮೇಲೆ ಹೋಗುತ್ತದೆ ಅಂದುಕೊಂಡಿದ್ದೆ.

ಇಂದು ನಾಲ್ಕು ಗಂಟೆಗೆ ತನ್ನ ಮೈಕ್ರೋಸ್ಕೋಪನ್ನು ನನ್ನ ಕಡೆ ತಳ್ಳಿದಳು. ಮುಖ ತಿರುಗಿಸಲಿಲ್ಲ.

"ಹೊಸ ಬಾಕ್ಸಲ್ಲಿ ಸಿಕ್ತು. ತೀರಾ ಚಿಕ್ದು, ಪಟ್ಟಿನೇ ಇಲ್ವೇನೋ. ನಿಂಗೇನು ಕಾಣ್ಸುತ್ತೆ?"

ಬಗ್ಗಿ ನೋಡಿದೆ. ಸಾಸಿವೆಗಿಂತ ಚಿಕ್ಕದು, ದುಂಡಗೆ. ನಡುವೆ ಒಂದು ಗೆರೆ ಇರುವಂತೆ...

"ಸ್ವಲ್ಪ ತಾಳ," ಎಂದೆ. "ಲೈಟ್ ಈ ಕಡೆ ತಿರುಗ್ಸು." ಅರ್ಪಿತ ತಿರುಗಿಸಿದಳು.