ತಾತನ ಫೋಟೋ ವಿಷಯ

ಫೋಟೋ ತೆಗೆಯುವ ಯಜಮಾನರಿಗೆ ನಮಸ್ಕಾರ.

ನಿನ್ನೆ ನಿಮ್ಮ ಕುರ್ಚಿಯಿಂದೆದ್ದು ಬೀದಿಗೆ ಓಡಿದವರು ನನ್ನ ತಾತ. ತೊಂಬತ್ತು ದಾಟಿದವರು ಹಾಗೆ ಓಡಿದ್ದು ನೋಡಿ ನಿಮಗೆ ನಗು ಬಂತು. ನನಗೂ ಬಂತು. ಆದರೆ ಮನೆ ಸೇರಿದ ಮೇಲೂ ಅವರು ಕತ್ತಿನ ಹಿಂಭಾಗ ಮುಟ್ಟಿ ನೋಡಿಕೊಳ್ಳುತ್ತಲೇ ಇದ್ದರು.

ತಲೆ ಅಲುಗದಿರಲೆಂದು ನೀವು ಕತ್ತಿನ ಹಿಂದೆ ಇಡುವ ಕಬ್ಬಿಣದ ಕವೆ ಅವರಿಗೆ ಆಗಿಬರಲಿಲ್ಲ. "ಹಿಂದೆ ಕಬ್ಬಿಣ, ಎದುರಿಗೆ ಕರಿ ಬಟ್ಟೆ ಹೊದ್ದವನು. ನನ್ನ ಸರದಿ ಬಂತು ಅಂದ್ಕೊಂಡೆ ಕಣಮ್ಮ" ಅಂದರು. ರಾಜರು ತಲೆ ಕಡಿಸುತ್ತಿದ್ದದ್ದನ್ನು ನಾನು ಕಥೆಯಲ್ಲಷ್ಟೇ ಕೇಳಿದ್ದೆ. ಆ ಕಾಲವೂ ನಿಮ್ಮ ಫೋಟೋ ಕಾಲವೂ ಒಬ್ಬರದೇ ಆಯುಸ್ಸಿನಲ್ಲಿ ಹಿಡಿಸುತ್ತವೆಂದು ಗೊತ್ತಿರಲಿಲ್ಲ.

"ನೀವು ಹೇಗೆ ತಪ್ಪಿಸ್ಕೊಂಡ್ರಿ ತಾತ?" ಎಂದು ಕೇಳಿದೆ.

ಅವರು ಅಂಗೈ ನೋಡಿಕೊಂಡರು. "ಕೂತವನು ನಾನಲ್ಲ ಕಣಮ್ಮ. ಕತ್ತಿ ಹಿಡಿದು ನಿಂತವನು."

ನಾಳೆ ಮತ್ತೆ ಕರೆತರುತ್ತೇನೆ. ಕಬ್ಬಿಣ ಬೇಡ, ತಲೆಯನ್ನು ಗೋಡೆಗೆ ಒರಗಿಸಿ ಕೂರಿಸಿ. "ಅಲುಗಾಡಬೇಡಿ, ಈಗ ಮುಗಿದುಹೋಗುತ್ತೆ" ಎಂದು ಮಾತ್ರ ದಯವಿಟ್ಟು ಹೇಳಬೇಡಿ. ಆಗ ಕೂತವರಿಗೆ ತಾತನೂ ಅದನ್ನೇ ಹೇಳುತ್ತಿದ್ದರಂತೆ.

ಇನ್ನೊಂದು ಮಾತು. ನನ್ನ ಮಗುವನ್ನು ತಾತನ ತೊಡೆಯ ಮೇಲೆ ಕೂರಿಸಿ ತೆಗೆಯಿರಿ ಎಂದಿದ್ದವಳು ನಾನೇ. ಹುಟ್ಟಿದಾಗಿನಿಂದ ಅವಳನ್ನು ಎತ್ತಿ ಆಡಿಸಿದವರು ಅವರು. ಕೂಸಿನ ಕತ್ತಿಗೆ ಕೈ ಕೊಟ್ಟು ಎತ್ತಬೇಕೆಂದು ನನಗೆ ತೋರಿಸಿಕೊಟ್ಟವರೂ ಅವರೇ. ಆದರೂ ನಾಳೆ ನೀವೇ ಏನಾದರೂ ನೆಪ ಹೇಳಿ. ಮಗು ಅಲುಗಾಡುತ್ತದೆ, ಚಿತ್ರ ಕೆಡುತ್ತದೆ ಎನ್ನಿ. ನನ್ನ ಬಾಯಲ್ಲಿ ಆ ಮಾತು ಬರುವುದಿಲ್ಲ.

ಇಂತು,
ನಿನ್ನೆ ಬಾಗಿಲ ಬಳಿ ಮಗುವನ್ನೆತ್ತಿಕೊಂಡು ನಿಂತಿದ್ದವಳು