ಗೋಡೆಯಿಂದ ಇಳಿದ ತಂಬೂರಿ

ಜಮಖಂಡಿ
25 ಜನವರಿ 2010, ಸೋಮವಾರ

ತೀರ್ಥರೂಪ ಅಣ್ಣಾ,

ಶಿರಸಾಷ್ಟಾಂಗ ನಮಸ್ಕಾರ. ಆಪರೇಶನ್ ಆದ ಕಣ್ಣು ಹೇಗಿದೆ? ಧೂಳಿಗೆ ಹೋಗಬೇಡ, ಹನಿ ಔಷಧಿ ತಪ್ಪಿಸಬೇಡ. ಪಟ್ಟಿ ಇನ್ನೂ ಬಿಚ್ಚಿರದಿದ್ದರೆ ಈ ಪತ್ರವನ್ನು ಮಗಳು ಐಶ್ವರ್ಯಳಿಂದ ಜೋರಾಗಿ ಓದಿಸಿಕೋ, ಅಳಿಯಂದಿರೂ ಕೇಳಲಿ. ಮನೆ ಕಾಯಲೆಂದು ಹೆಂಡತಿಯನ್ನು ಇಲ್ಲೇ ಬಿಟ್ಟುಹೋದೆಯಲ್ಲ, ರತ್ನಾ ವೈನಿ ಆರಾಮ ಇದ್ದಾಳೆ.

ನಿನ್ನೆ ಮಧ್ಯಾಹ್ನ ಇಲ್ಲಿ ಹಿಂದುಸ್ತಾನಿ ಗಾಯನವಿತ್ತು. ಅಂಚೆ ಕಚೇರಿಯಲ್ಲಿ ಠಸ್ಸೆ ಹೊಡೆದೇ ಮುದುಕಿಯಾದ ನನಗೆ ಮಧ್ಯಾಹ್ನದ ರಾಗ ಕೇಳುವ ಯೋಗ ಬಂದದ್ದು ನಿವೃತ್ತಿಯಾದ ಮೇಲೆಯೇ. ಊಟ ಮುಗಿಸಿ, ಇಳಕಲ್ಲ ಸೀರೆ ಉಟ್ಟು, ವೈನಿಯನ್ನೂ ಎಬ್ಬಿಸಿಕೊಂಡು ಹೋಗಿ ಮುಂದೆಯೇ ಕುಳಿತೆ. ನೋಡಿದರೆ ಹಾಡು ಶುರುವಾಗುತ್ತಿಲ್ಲ. ಬಸ್ಸಿನಲ್ಲಿ ಗಾಯಕಿಯ ತಂಬೂರಿಯ ಬುರುಡೆ ಒಡೆದಿತ್ತಂತೆ. ತಂಬೂರಿಯಂತೆ ನುಡಿಯುವ ಕರೆಂಟಿನ ಪೆಟ್ಟಿಗೆಯಿತ್ತು, ಕರೆಂಟಿರಲಿಲ್ಲ. ಕಾರ್ಯಕ್ರಮ ಇಟ್ಟುಕೊಂಡಿದ್ದ ಪರಮಾನಂದ ತಲೆ ಮೇಲೆ ಕೈ ಹೊತ್ತು, "ಚನಮಲ್ಲಪ್ಪನವರ ಪಡಸಾಲ್ಯಾಗ ಒಂದ ಐತ್ರಿ, ಆದ್ರ ಅವರು ಮುಟ್ಟಗೊಡೂದಿಲ್ಲ" ಎಂದ. ನಿನ್ನ ಹೆಸರು ಕೇಳಿದ್ದೇ ವೈನಿ ಸೊಂಟದಿಂದ ಕೀಲಿಕೈ ತೆಗೆದಳು. "ಅವರು ಹುಬ್ಬಳ್ಳ್ಯಾಗ ಅದಾರ. ಏಳ ಕಸ್ತೂರಿ, ತರೂಣು" ಅಂದಳು.

ಅದು ಯಾರ ತಂಬೂರಿಯೆಂದು ಐಶ್ವರ್ಯಳಿಗೆ ಗೊತ್ತಿರಲಿಕ್ಕಿಲ್ಲ. ಅಪ್ಪ ಮೀರಜಿನಿಂದ ಹೊತ್ತು ತಂದದ್ದು ನನಗಾಗಿ. ಅಪ್ಪ ತೀರಿದ ತಿಂಗಳೇ ನೀನು ಅದನ್ನು ನನ್ನ ತೊಡೆಯ ಮೇಲಿಂದ ಎತ್ತಿಕೊಂಡೆ. "ಗರತಿ ಮನಿ ಹೆಣ್ಮಗಳು ನಾಲ್ಕ ಮಂದ್ಯಾಗ ಕುಂತು ಹಾಡೂದಿಲ್ಲ ಬೇ" ಅಂದೆ. ಅನಗವಾಡಿಯ ನಮ್ಮ ಹಳೆ ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವಾಗ, ಅದೊಂದನ್ನು ಕೊಡು ಎಂದು ಕೈ ಮುಗಿದೆ. ಕೊಡಲಿಲ್ಲ. ಇಲ್ಲಿ ಮೊಳೆಗೆ ತೂಗುಹಾಕಿ, ಸಂಗೀತದ ಗಂಧಗಾಳಿ ಇಲ್ಲದ ನೀನು ಬಂದವರೆದುರು ರಸಿಕನಾಗಿ ಮೆರೆದೆ. ಆ ಸಿಟ್ಟು ಇವತ್ತಿಗೂ ಆರಿಲ್ಲ ಅಣ್ಣಾ, ಆರುವುದೂ ಬೇಡ.

ನಾವು ತಂದದ್ದರ ತಂತಿಗಳಿಗೆ ತುಕ್ಕು ಹಿಡಿದಿತ್ತು; ಒಡೆದದ್ದರ ತಂತಿ ಬಿಚ್ಚಿ ನಮ್ಮದಕ್ಕೆ ಕಟ್ಟಿದರು. ನಾನು ಅದನ್ನು ಹಿಡಿದ ರೀತಿ ನೋಡಿ ಗಾಯಕಿ ನನ್ನನ್ನೇ ತನ್ನ ಹಿಂದೆ ಕೂರಿಸಿಕೊಂಡು ಭೀಮಪಲಾಸ ಹಾಡಿದಳು. ಬೆರಳಿಗೆ ಬೊಬ್ಬೆ ಎದ್ದವು, ಆದರೂ ಸುಖವೋ ಸುಖ. ಮುಗಿದ ಮೇಲೆ ನಿನ್ನ ಗೆಳೆಯ ಹುಲೆಪ್ಪ ಹತ್ತಿರ ಬಂದು, "ಇದು ಚನಮಲ್ಲಪ್ಪಂದಲ್ಲೇನ್ರಿ?" ಎಂದ. "ಅಲ್ಲರಿ, ನಂದು" ಅಂದೆ. ನಾಲ್ಕು ಮಂದಿಯಲ್ಲಿ ಕುಳಿತೇ ಅಂದೆ.

ಕಣ್ಣು ಜೋಪಾನ. ಐಶ್ವರ್ಯಳಿಗೆ ಆಶೀರ್ವಾದ, ಅಳಿಯಂದಿರಿಗೆ ಶರಣು.

ನಿನ್ನ ತಂಗಿ,
ಕಸ್ತೂರೆವ್ವ

ತಾ.ಕ.: ಹೇಳುವುದನ್ನೇ ಮರೆತೆ. ತಂಬೂರಿ ಈಗ ನನ್ನ ಮನೆಯಲ್ಲಿದೆ, ಇನ್ನು ಅಲ್ಲೇ ಇರುತ್ತದೆ. ಪಡಸಾಲೆಯ ಗೋಡೆ ಬೋಳು ಕಾಣುತ್ತದೆಂದು ವೈನಿ ಆ ಮೊಳೆಗೆ ನಿನ್ನ ದೊಡ್ಡ ಫೋಟೋ ತೂಗುಹಾಕಿದ್ದಾಳೆ. ಬಂದಾಗ ನೋಡಿ ಗಾಬರಿಯಾಗಬೇಡ, ಹಾರ ಇನ್ನೂ ಹಾಕಿಲ್ಲ.