ಬಟಾಣಿ ಚೀಲದ ಕೆಳಗೆ

ಗೋಥೆನ್‌ಬರ್ಗ್
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಶ್ರೀಲಕ್ಷ್ಮಿ,

ನಾವಿಲ್ಲಿ ಚೆನ್ನಾಗಿದ್ದೇವೆ ಅಂತ ಶುರು ಮಾಡಿದರೆ ನನಗೇ ನಗು ಬರುತ್ತದೆ. ನಿಮ್ಮ ಬಾಲ್ಕನಿಯಲ್ಲಿ ನಿಂತರೆ ನಮ್ಮ ಅಡುಗೆಮನೆ ಕಾಣುತ್ತದೆ, ಪಾತ್ರೆ ತೊಳೆಯುತ್ತಿರುವುದು ಹೊನ್ನಪ್ಪನೋ ನಾನೋ ಅನ್ನುವುದೂ ಕಾಣುತ್ತದೆ. ಆದರೂ ಕಾಗದ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ಲ್ಯಾಬ್‌ನಲ್ಲಿದ್ದೀನಿ ಅನ್ನುತ್ತೀಯ. ಮೆಸೇಜ್ ಹಾಕಿದರೆ ಕೈ ಮುಗಿಯುವ ಒಂದು ಗೊಂಬೆ ಕಳಿಸುತ್ತೀಯ. ಐದು ವರ್ಷದ ಗೆಳತಿಗೆ ಕೈ ಮುಗಿಯೋದಾ! ನಾನೇನು ನಿನ್ನ ಪಿಎಚ್.ಡಿ. ಗೈಡಾ?

ಇದನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಲಿಂಡ್‌ಹೋಲ್ಮೆನ್ ಬಸ್ ಹಿಡಿಯುವ ಮೊದಲು ನಿಮ್ಮ ಬಾಗಿಲಿನ ಕಾಗದದ ಕಿಂಡಿಯಲ್ಲಿ ತಳ್ಳಿ ಹೋಗುತ್ತೇನೆ. ಪೂರ್ತಿ ಓದು, ಆಮೇಲೆ ಹರಿದು ಹಾಕಿದರೂ ಸರಿ.

ವಿಷಯ ನಿನಗೆ ಗೊತ್ತು. ನಮ್ಮ ಸ್ಟೋರ್‌ರೂಮಿನ ಫ್ರೀಜರ್‌ನಲ್ಲಿ ನೀನು ನೋಡಿದ್ದು ದನದ ಮಾಂಸವೇ. ಅದು ನಮ್ಮದೇ. ಕೆಳಗಿನ ಮನೆಯ ಲೀನಾ ತನ್ನ ಸಾಮಾನು ಇಟ್ಟಿದ್ದಾಳೆ, ಜಾಗವಿಲ್ಲ ಅಂತ ನಿನಗೆ ಹೇಳಿಕೊಂಡು ಬಂದದ್ದು ಸುಳ್ಳು. ಪಾಪ, ಲೀನಾಗೆ ತನ್ನ ಹೆಸರಲ್ಲಿ ಇಷ್ಟೆಲ್ಲ ನಡೆದಿದೆ ಅನ್ನುವುದೂ ಗೊತ್ತಿಲ್ಲ.

ಈ ಫ್ರೀಜರ್ ನಮ್ಮ ಮನೆಗೆ ಬಂದದ್ದೇ ಅವಳ ಮಾತಿನಿಂದ. ಮೂರು ವರ್ಷದ ಹಿಂದೆ ಒಂದು ದಿನ ಫಿಕಾ ಅಂತ ಕಾಫಿಗೆ ಕರೆದು, ರೈತನ ಹತ್ತಿರ ನೇರವಾಗಿ ಮಾಂಸ ಕೊಂಡರೆ ಎಷ್ಟು ಅಗ್ಗ ಗೊತ್ತಾ ಅಂದಳು. ಕೆ.ಜಿ.ಗೆ ನೂರ ನಲವತ್ತು ಕ್ರೋನರ್. ಅಂಗಡಿಯಲ್ಲಿ ಅಂಥದ್ದಕ್ಕೆ ಹತ್ತಿರ ಹತ್ತಿರ ಎರಡರಷ್ಟು. ಆದರೆ ರೈತ ಬಿಡಿಯಾಗಿ ಕೊಡುವುದಿಲ್ಲ. ಇಪ್ಪತ್ತು ಕೆ.ಜಿ.ಯ ಪೆಟ್ಟಿಗೆ, ಬೇಕಾದ ತುಂಡೂ ಬೇಡವಾದ ತುಂಡೂ ಅದರಲ್ಲೇ. ಬೇಸಿಗೆಯೆಲ್ಲ ದನ ಹುಲ್ಲು ಮೇಯ್ದ ಮೇಲೆ ಅಕ್ಟೋಬರ್‌ನಲ್ಲಿ ಒಂದು ದಿನ ಹೇಳುತ್ತಾನೆ, ಆ ದಿನ ನಾವೇ ಕಾರಿನಲ್ಲಿ ಹೋಗಿ ತರಬೇಕು. ನಾನು ಹೂಂ ಅಂದೆ. ನನ್ನ ಪೆಟ್ಟಿಗೆಯನ್ನೂ ನಿನ್ನ ಹೆಸರಲ್ಲೇ ಬುಕ್ ಮಾಡು ಅಂದೆ. ಯಾಕೆ ಅಂತ ಅವಳು ಕೇಳಲಿಲ್ಲ. ಇಲ್ಲಿಯ ಜನ ಕೇಳುವುದಿಲ್ಲವಲ್ಲ, ಒಂದೊಂದು ಸಲ ಅದೇ ಒಳ್ಳೆಯದು ಅನ್ನಿಸುತ್ತದೆ.

ಹೊನ್ನಪ್ಪನ ಬುದ್ಧಿ ನಿನಗೆ ಗೊತ್ತಲ್ಲ, ಲ್ಯಾಪ್‌ಟಾಪ್ ತೆಗೆದು ಲೆಕ್ಕ ಹಾಕಲು ಕುಳಿತರು. ಪೆಟ್ಟಿಗೆಗೆ ಎರಡು ಸಾವಿರದ ಎಂಟು ನೂರು. ಸೆಕೆಂಡ್‌ಹ್ಯಾಂಡ್ ಫ್ರೀಜರ್‌ಗೆ ಎಂಟು ನೂರು. ಅದನ್ನು ಮೂರನೇ ಮಹಡಿಗೆ ಹೊತ್ತದ್ದಕ್ಕೆ ಅವರ ಸೊಂಟನೋವು. ಪೆಟ್ರೋಲ್, ಕರೆಂಟು. ಎಲ್ಲ ಕೂಡಿಸಿ, ಉಳಿತಾಯ ಅಂತ ಏನೂ ಇಲ್ಲ ಕಮಲಾ, ಅರ್ಧ ಕೆ.ಜಿ. ಅಂಗಡಿಯಿಂದ ತಂದು ತಿಂದು ಮುಗಿಸೋದೇ ವಾಸಿ ಅಂದರು. ಆ ಲೆಕ್ಕದಲ್ಲಿ ನೀನೂ ಇರಲಿಲ್ಲ, ನಿನ್ನ ಮಗಳು ಇಂಚರಾನೂ ಇರಲಿಲ್ಲ. ಅವರ ಮಾತು ಕೇಳಿ ಅರ್ಧ ಕೆ.ಜಿ. ತರುತ್ತಿದ್ದರೆ ದೊಡ್ಡ ಫ್ರೀಜರ್ ಬೇಕಾಗುತ್ತಿರಲಿಲ್ಲ, ನೀನು ಅದನ್ನು ತೆಗೆಯುವ ಪ್ರಸಂಗವೂ ಬರುತ್ತಿರಲಿಲ್ಲ.

ಆದರೆ ನನಗೆ ಬೇಕಾದದ್ದು ಅಂಗಡಿಯಲ್ಲಿ ಸಿಗುವುದಿಲ್ಲ ಕಣೇ. ಅಲ್ಲಿ ಸಿಗುವುದು ನುಣ್ಣಗೆ ಅರೆದದ್ದು, ಚೌಕಾಕಾರದ ತುಂಡು. ನಮ್ಮಮ್ಮ ಬಂಗಾರಪೇಟೆಯಲ್ಲಿ ಮಾಡುತ್ತಿದ್ದದ್ದು ಮೂಳೆಯ ಸಾರು, ನಾಲಿಗೆ ಹುರಿದದ್ದು, ಗುಂಡಿಗೆಯ ಗೊಜ್ಜು. ಭಾನುವಾರ ಮುದ್ದೆಗೆ ಅದನ್ನು ಬಿಟ್ಟು ಇನ್ನೊಂದು ನಮ್ಮ ಮನೆಯಲ್ಲಿ ಇರಲಿಲ್ಲ. ಆ ರೈತ, ಯೋರನ್ ಅಂತ ಹೆಸರು, ಇವನ್ನೆಲ್ಲ ಯಾರೂ ಒಯ್ಯುವುದಿಲ್ಲ ಅಂತ ನನಗೆ ಪುಕ್ಕಟೆ ಕೊಡುತ್ತಾನೆ. ಮೊದಲ ವರ್ಷ ಮಜ್ಜೆ ಮೂಳೆಯ ಸಾರು ಮಾಡಿದ ದಿನ ಹೊನ್ನಪ್ಪ ಲೆಕ್ಕದ ಮಾತೇ ಎತ್ತಲಿಲ್ಲ, ತಟ್ಟೆ ಬಿಟ್ಟು ಏಳಲಿಲ್ಲ. ನಾನು ಅಮ್ಮನಿಗೆ ವಿಡಿಯೋದಲ್ಲಿ ಪಾತ್ರೆ ತೋರಿಸಿ ಅತ್ತುಬಿಟ್ಟೆ.

ನಮ್ಮ ಪರಿಚಯವಾದ ಹೊಸದರಲ್ಲಿ ನೀನು ಕೇಳಿದ್ದು ನೆನಪಿದೆಯಾ? ನೀವು ವೆಜ್ಜಾ ನಾನ್‌ವೆಜ್ಜಾ ಅಂದೆ ನೀನು. ಚಿಕನ್ ತಿಂತೀವಿ ಅಂದೆ ನಾನು. ಆಮೇಲೆ ನಿಮ್ಮ ಮನೆದೇವರು ಯಾವುದು ಅಂತ ನೀನು ಕೇಳಿದೆ. ಗಂಗಮ್ಮ ಅಂದೆ ನಾನು. ನೀನು ಅಷ್ಟಕ್ಕೇ ಸುಮ್ಮನಾದೆ, ಆದರೆ ಎಲ್ಲಿಗೆ ಬರುತ್ತಿದ್ದೀಯ ಅಂತ ನನಗೆ ಗೊತ್ತಾಯಿತು. ಅವತ್ತು ದನದ್ದೂ ತಿಂತೀವಿ ಅಂದಿದ್ದರೆ ಮುಂದಿನ ಪ್ರಶ್ನೆಯೇ ಬೇಕಿರಲಿಲ್ಲವಲ್ಲ. ನೀನು ಒಳ್ಳೆಯವಳು, ಆದರೂ ಹೆದರಿಕೆಯಾಯಿತು. ಈ ಊರಿನಲ್ಲಿ ಜ್ವರ ಬಂದರೆ ಗಂಜಿ ತಂದುಕೊಡುವವಳು ನೀನೊಬ್ಬಳೇ ಇದ್ದೆ.

ಚಿಕ್ಕಂದಿನಲ್ಲಿ ಅಮ್ಮ ನನ್ನನ್ನು ಮಾಂಸ ತರಲು ಕಳಿಸುವಾಗ ಚೀಲದ ಮೇಲೆ ಒಂದು ಕಟ್ಟು ದಂಟಿನ ಸೊಪ್ಪು ಇಡಿಸುತ್ತಿದ್ದಳು. ಬೀದಿಯಲ್ಲಿ ಮೇಷ್ಟ್ರ ಹೆಂಡತಿ ಕೇಳಿದರೆ ಸೊಪ್ಪು ಅಂತ ಹೇಳು ಅನ್ನುತ್ತಿದ್ದಳು. ಇಲ್ಲಿ ನಾನು ಅದೇ ಅಭ್ಯಾಸದಲ್ಲಿ ಫ್ರೀಜರ್ ತುಂಬಿಸಿದ ಮೇಲೆ ಹಸಿರು ಬಟಾಣಿ ಚೀಲಗಳನ್ನು ಹೊದಿಸುತ್ತಿದ್ದೆ. ಅಮ್ಮನಿಗೆ ಹೇಳಿದಾಗ ಬಿದ್ದು ಬಿದ್ದು ನಕ್ಕಳು. ಅಷ್ಟು ದೂರ ಹೋಗಿ ಇನ್ನೂ ಸೊಪ್ಪು ಹೊದಿಸ್ತೀಯೇನೇ, ಅಲ್ಲಿ ಯಾವ ಮೇಷ್ಟ್ರ ಹೆಂಡ್ತಿ ಇದಾಳೆ ಅಂದಳು. ಇದಾಳಮ್ಮ ಅಂತ ನಾನು ಹೇಳಲಿಲ್ಲ.

ಇನ್ನೊಂದು ಮಾತು, ಇದನ್ನು ನೀನು ನಂಬಲೇಬೇಕು. ಪ್ರತಿ ಬುಧವಾರ ನಿನ್ನ ಸೆಮಿನಾರ್ ಮುಗಿಯುವ ತನಕ ಇಂಚರಾ ನಮ್ಮ ಮನೆಯಲ್ಲಿ ಊಟ ಮಾಡಿದ್ದಾಳಲ್ಲ, ಅವಳಿಗೆ ಅನ್ನ, ಸಾರು, ದೋಸೆ, ಪ್ಯಾನ್‌ಕೇಕ್ ಬಿಟ್ಟು ಬೇರೆ ಕೊಟ್ಟಿಲ್ಲ. ಅವಳಿಗೇ ಅಂತ ನೀಲಿ ಹಿಡಿಯ ಬಾಣಲೆ, ಬೇರೆ ಸೌಟು, ಬೇರೆ ತಟ್ಟೆ. ಅವುಗಳಲ್ಲಿ ನಮಗೆ ಒಂದು ಮೊಟ್ಟೆಯನ್ನೂ ಮಾಡಿಲ್ಲ. ಒಂದು ದಿನ ಹೊನ್ನಪ್ಪ ಅದನ್ನು ನೋಡಿ, ನಮ್ಮಜ್ಜಿಗೆ ಊರ ಹೋಟೆಲಿನಲ್ಲಿ ಲೋಟ ಬೇರೆ ಇಡ್ತಿದ್ರು, ನೀನು ನಿನ್ನ ಮನೇಲೇ ಶುರು ಮಾಡಿದ್ಯಲ್ಲ ಅಂದರು. ನನಗೆ ಸಿಟ್ಟು ಬಂದು ಎರಡು ದಿನ ಮಾತಾಡಲಿಲ್ಲ. ಅವರು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಸಿಟ್ಟು. ಆದರೆ ಬಾಣಲೆ ಹಾಗೇ ಇದೆ.

ಈಗ ಆ ಗುರುವಾರದ ವಿಷಯ. ರಾಜ್ಯೋತ್ಸವದ ಊಟಕ್ಕೆ ಹೋಳಿಗೆ ಹೂರಣ ನಿನ್ನ ಜವಾಬ್ದಾರಿ. ನೀನು ಮೊದಲೇ ರುಬ್ಬಿ ಡಬ್ಬಗಳಲ್ಲಿ ತುಂಬಿದೆ, ನಿಮ್ಮ ಫ್ರೀಜರ್‌ನಲ್ಲಿ ಜಾಗ ಸಾಲಲಿಲ್ಲ. ಕಮಲಾಳ ಮನೆ ಕೀ ಹೇಗೂ ನನ್ನ ಹತ್ತಿರ ಇದೆ, ಕೇಳುವುದೇನು ಅಂತ ನೀನು ಅಂದುಕೊಂಡೆ. ನಾನು ಮೀಟಿಂಗ್‌ನಲ್ಲಿದ್ದೆ, ಹೊನ್ನಪ್ಪ ಹೆಲ್ಸಿಂಗ್‌ಬೋರ್ಯ್‌ಗೆ ಹೋಗಿದ್ದರು. ನಾವು ಯೋರನ್‌ನ ಪೆಟ್ಟಿಗೆ ತಂದು ವಾರವೂ ಆಗಿರಲಿಲ್ಲ. ಸಂಜೆ ನಾನು ಬಂದು ಫ್ರೀಜರ್ ತೆಗೆದರೆ ಮೇಲೆ ನಿನ್ನ ಡಬ್ಬಗಳು. ಬಟಾಣಿ ಕಂಡಿರುತ್ತಾಳೆ ಅಷ್ಟೇ ಅಂತ ಒಂದು ಕ್ಷಣ ಸಮಾಧಾನ ಮಾಡಿಕೊಂಡೆ. ಆದರೆ ನಾನು ಬಟಾಣಿ ಚೀಲ ಇಡುವುದು ಎಸೆದ ಹಾಗೆ. ಅವತ್ತು ಅವು ಇಸ್ತ್ರಿ ಬಟ್ಟೆಯ ಹಾಗೆ ಸಾಲಾಗಿ, ಅಂಚಿಗೆ ಅಂಚು ಕೂಡಿಸಿ, ಒಂದು ತುಂಡೂ ಕಾಣದಂತೆ ಮುಚ್ಚಿದ್ದವು. ಅಷ್ಟು ಒಪ್ಪವಾಗಿ ಇಡುವವಳು ನೀನೊಬ್ಬಳೇ. ಡಬ್ಬಕ್ಕೆ ಜಾಗ ಮಾಡಲು ಚೀಲ ತೆಗೆದಿದ್ದೀಯ, ಕೆಳಗೆ ಇಡೀ ನಾಲಿಗೆ ನೋಡಿದ್ದೀಯ, ಮತ್ತೆ ಮುಚ್ಚಿದ್ದೀಯ, ಅದರ ಮೇಲೇ ಹೂರಣ ಇಟ್ಟಿದ್ದೀಯ.

ಅಲ್ಲಿಂದ ನೀನು ನನ್ನ ಜೊತೆ ಮಾತು ಬಿಟ್ಟೆ. ಡಬ್ಬ ಒಯ್ಯಲು ನಿನ್ನ ಗಂಡ ಹರ್ಷನನ್ನು ಕಳಿಸಿದೆ.

ರಾಜ್ಯೋತ್ಸವದ ದಿನ ಹೋಳಿಗೆ ಬಡಿಸಿದಾಗ ನಾನು ನಿನ್ನ ಕಡೆ ನೋಡುತ್ತಿದ್ದೆ, ನೀನು ತುಪ್ಪದ ಗಿಂಡಿ ಕಡೆ ನೋಡುತ್ತಿದ್ದೆ. ಅಷ್ಟರಲ್ಲಿ ನಮ್ಮ ಕನ್ನಡ ಕೂಟದ ಅಧ್ಯಕ್ಷರು ರಾಜಗೋಪಾಲ ಸರ್ ಮೈಕ್ ಹಿಡಿದರು. ಅವರು ಮಡಿ ಊಟದವರು, ಹೊರಗೆ ಕಾಫಿ ಕುಡಿಯುವುದಕ್ಕೂ ಯೋಚಿಸುವವರು. ಕಮಲಾ ಅವರ ಫ್ರೀಜರ್ ಇಲ್ಲದಿದ್ರೆ ಇವತ್ತು ಈ ಹೋಳಿಗೆ ಇಲ್ಲ, ದಯವಿಟ್ಟು ಎದ್ದು ನಿಲ್ಲಿ ಕಮಲಾ ಅಂದರು. ಹಾಲ್ ತುಂಬ ಚಪ್ಪಾಳೆ! ಅವರು ಆಗಲೇ ನಾಲ್ಕನೇ ಹೋಳಿಗೆ ಮುಗಿಸಿದ್ದರು. ಹೊನ್ನಪ್ಪ ನಗು ತಡೆಯಲಾಗದೆ ಕೆಮ್ಮುತ್ತಾ ಹೊರಗೆ ಓಡಿದರು. ನನಗೆ ನಗು ಬರಲಿಲ್ಲ. ಆ ಮೈಕ್ ಕಿತ್ತುಕೊಂಡು ಎಲ್ಲ ಹೇಳಿಬಿಡಬೇಕು ಅನ್ನಿಸಿತು. ಹೇಳಿದ್ದರೆ ನಮ್ಮನ್ನು ಕೂಟದಿಂದ ಹೊರಗೆ ಹಾಕುತ್ತಿದ್ದರು, ಅದು ಹೇಗೋ ಆಗುತ್ತಿತ್ತು. ಆದರೆ ನೋಡಿಯೂ ಬಡಿಸಿದವಳು ನೀನು, ನಿನ್ನನ್ನು ಜನ್ಮದಲ್ಲಿ ಕ್ಷಮಿಸುತ್ತಿರಲಿಲ್ಲ. ಅದಕ್ಕೆ ಕೈ ಮುಗಿದು ಕುಳಿತೆ, ನಿನ್ನ ಗೊಂಬೆಯ ಹಾಗೆ.

ಅವತ್ತಿನಿಂದ ಒಂದೇ ಯೋಚನೆ. ನೀನು ಆ ಚೀಲಗಳನ್ನು ಮತ್ತೆ ಮುಚ್ಚಿದ್ದು ಯಾಕೆ? ಹೂರಣಕ್ಕೆ ತಾಗಬಾರದು ಅಂತಲಾ, ಹರ್ಷ ಬಂದಾಗ ನೋಡಬಾರದು ಅಂತಲಾ? ಮೊದಲನೆಯದಾದರೆ ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಎರಡನೆಯದಾದರೆ ನೀನು ನನ್ನನ್ನು ಕಾಪಾಡಿದ್ದೀಯ, ಆಮೇಲೆ ನನ್ನ ಮುಖ ನೋಡಲಾಗದೆ ಕುಳಿತಿದ್ದೀಯ. ಯಾವುದು ಅಂತ ನೀನೇ ಹೇಳಬೇಕು.

ಮೊನ್ನೆ ಬಸ್ ಸ್ಟಾಪಿನಲ್ಲಿ ಇಂಚರಾ ಹರ್ಷನ ಕೈ ಹಿಡಿದು ನಿಂತಿದ್ದಳು. ಓಡಿ ಬಂದು ಸ್ವೀಡಿಷ್‌ನಲ್ಲಿ ಕೇಳಿದಳು, ಕಮಲಾ ಆಂಟಿ ನೀವು ಮನೆ ಬದಲಾಯಿಸಿದ್ರಾ ಅಂತ. ಇಲ್ಲ ಪುಟ್ಟಾ, ಅಲ್ಲೇ ಇದೀನಿ ಅಂದೆ. ಹಾಗಾದರೆ ಬುಧವಾರ ಯಾಕೆ ಕರೆಯೋದಿಲ್ಲ, ನಾನೇನಾದರೂ ತಪ್ಪು ಮಾಡಿದೆನಾ ಅಂದಳು. ಏಳು ವರ್ಷದ ಮಗು. ಹರ್ಷ ಏನೂ ಗೊತ್ತಿಲ್ಲದವನ ಹಾಗೆ ಸೆಮಿನಾರ್ ಟೈಮ್ ಚೇಂಜ್ ಆಗಿದೆ ಅಂದ. ನಾನು ಬಸ್ಸಿನಲ್ಲಿ ಕುಳಿತು ಕಿಟಕಿಯ ಕಡೆ ತಿರುಗಿ ಅತ್ತೆ. ನಿನ್ನ ಮೇಲೆ ನನಗೆ ನಿಜವಾಗಿ ಸಿಟ್ಟು ಬಂದದ್ದು ಆವಾಗಲೇ.

ನಾನು ಕ್ಷಮೆ ಕೇಳುತ್ತಿಲ್ಲ ಶ್ರೀ. ಸುಳ್ಳು ಹೇಳಿದ್ದಕ್ಕೆ ಬೇಕಾದರೆ ಬೈಸಿಕೊಳ್ಳುತ್ತೇನೆ, ತಿಂದದ್ದಕ್ಕಲ್ಲ. ನಿನಗೆ ಅಸಹ್ಯವಾಗಿದ್ದರೆ ಬಂದು ಎದುರಿಗೆ ನಿಂತು ಅಸಹ್ಯ ಅನ್ನು. ಜಗಳ ಆಡೋಣ, ಕಿರುಚಾಡೋಣ. ಮಗುವಿಗೆ ಸೆಮಿನಾರ್ ಟೈಮ್ ಅಂತ ಸುಳ್ಳು ಹೇಳಿಸಬೇಡ. ನಮ್ಮಿಬ್ಬರ ಮನೆಯಲ್ಲಿ ಸುಳ್ಳು ಹೇಳಲು ನಾನೊಬ್ಬಳು ಸಾಕಾಗಿತ್ತು.

ಇನ್ನೂ ನಿನ್ನ ಗೆಳತಿ ಅಂದುಕೊಂಡಿರುವ,
ಕಮಲಾ

ಮರೆತಿದ್ದೆ: ಯೋರನ್‌ಗೆ ನಿನ್ನೆ ನಾನೇ ಫೋನ್ ಮಾಡಿ ಮುಂದಿನ ವರ್ಷದ ಪೆಟ್ಟಿಗೆ ಹೇಳಿದೆ. ಯಾರ ಹೆಸರಿಗೆ ಅಂದ. ಕಮಲಾ ಹೊನ್ನಪ್ಪ ಅಂದೆ. ಓ, ಮೂರು ವರ್ಷದಿಂದ ನಾಲಿಗೆ ಒಯ್ಯೋರು ನೀವೇನಾ ಅಂತ ನಕ್ಕ. ಮತ್ತೆ, ಹರ್ಷ ಅವತ್ತು ನಿನ್ನ ಹೂರಣದ ಒಂದು ಡಬ್ಬ ಬಿಟ್ಟುಹೋಗಿದ್ದಾನೆ. ಫ್ರೀಜರ್‌ನಲ್ಲೇ ಇದೆ. ಬಟಾಣಿಯೆಲ್ಲ ಪಲಾವ್ ಮಾಡಿ ಮುಗಿಸಿದೆ, ಬೇರೆ ತಂದಿಲ್ಲ, ಇನ್ನು ತರುವುದೂ ಇಲ್ಲ. ನೀನು ತೆಗೆದರೆ ಎಲ್ಲ ಕಾಣುತ್ತದೆ. ಕೀ ನೀನಿನ್ನೂ ವಾಪಸ್ ಕೊಟ್ಟಿಲ್ಲ, ನಾನೂ ಕೇಳಿಲ್ಲ. ಬುಧವಾರ ನೀಲಿ ಬಾಣಲೆ ಒಲೆಯ ಮೇಲೆ ಇಟ್ಟಿರುತ್ತೇನೆ.